ತೂಕ ಇಳಿಸಾಕ ಹೊಟ್ಟಿ ಕಟ್ಟಬ್ಯಾಡ್ರಿ, ತಾಟ ಬದಲ ಮಾಡ್ರಿ



ಪ್ರತಿ ವಾರ ನಾವು ಬೆಳೆಯ ತೂಕದ ಬಗ್ಗೆ ಓದುತ್ತೇವೆ. ಎಕರೆಗೆ ಎಷ್ಟು ಟನ್ ಕಬ್ಬು ಬಂತು, ಎಷ್ಟು ಕ್ವಿಂಟಾಲ್ ತೊಗರಿ ಬಂತು ಅಂತ. ಈ ವಾರ ಬೆಳೆಗಾರನ ತೂಕದ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ. ನಾನು ಡಾಕ್ಟರ್ ಅಲ್ಲ. ಭೀಮಾ ದಂಡೆಯ ದೇವಣಗಾಂವದ ರೈತ. ಏಳು ಎಕರೆ ಹೊಲ. ಹೊಳೆ ನೀರು ಮುಟ್ಟುವ ಕಡೆ ಕಬ್ಬು, ಮುಟ್ಟದ ಎರಿ ಹೊಲದಲ್ಲಿ ತೊಗರಿ. ಮೂವತ್ತೊಂದನೇ ವಯಸ್ಸಿಗೆ ನಾನು 93 ಕೆ.ಜಿ. ತೂಗುತ್ತಿದ್ದೆ. ಇದನ್ನು ಬರೆಯೋಕೆ ಸ್ವಲ್ಪ ನಾಚಿಕೆಯೇ ಆಗ್ತದ. ಆದರೆ ನನ್ನ ವಯಸ್ಸಿನ ಎಷ್ಟೋ ಹುಡುಗರು ಇದೇ ದಾರಿಯಲ್ಲಿ ಇದ್ದಾರೆ, ನಾನು ಮಾಡಿದ ತಪ್ಪನ್ನೇ ಮಾಡಲಿಕ್ಕೆ ಹೊರಟಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಪ್ಪು ಏನು?

ಮೊಬೈಲ್‌ನಲ್ಲಿ ಒಂದು ವಿಡಿಯೋ ಬಂತು. "ಹತ್ತು ದಿನದಲ್ಲಿ ಹತ್ತು ಕೆ.ಜಿ." ಅಂತ. ನಂಬರಿಗೆ ಫೋನ್ ಮಾಡಿದೆ, ಒಂದು ಡಬ್ಬಿ ಪುಡಿ ಮನೆಗೆ ಬಂತು. ಎರಡು ಚೀಲ ಡಿಎಪಿಗೆ ಕೊಡುವುದಕ್ಕಿಂತ ಹೆಚ್ಚು ದುಡ್ಡು ಕೊಟ್ಟೆ. ಎರಡು ಹೊತ್ತು ಪುಡಿ ಕದಡಿದ ನೀರು, ಒಂದು ಹೊತ್ತು ಸೌತಿಕಾಯಿ. ಹನ್ನೆರಡು ದಿನಕ್ಕೆ ಐದು ಕೆ.ಜಿ. ಇಳಿದೆ. ಖುಷಿಯೋ ಖುಷಿ. ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಸ್ಟೇಟಸ್ ಹಾಕಿದೆ.

ಹದಿಮೂರನೇ ದಿನ ತೊಗರಿಗೆ ಕಾಯಿಕೊರಕದ ಔಷಧ ಹೊಡೆಯುತ್ತಿದ್ದೆ. ಬೆನ್ನ ಮೇಲೆ ಹದಿನಾರು ಲೀಟರಿನ ಟ್ಯಾಂಕ್, ಹೊಟ್ಟೆಯಲ್ಲಿ ಒಂದು ಗ್ಲಾಸ್ ಪುಡಿ ನೀರು. ಮೂರನೇ ಟ್ಯಾಂಕಿಗೆ ಕಣ್ಣು ಕತ್ತಲೆ ಬಂತು, ಬದುವಿನ ಮೇಲೆ ಕುಸಿದೆ. ಟ್ಯಾಂಕಿನ ಮುಚ್ಚಳ ಸಡಿಲಾಗಿ ಔಷಧ ಬೆನ್ನಿಗೆ, ಕುತ್ತಿಗೆಗೆ ಸುರಿಯಿತು. ಪಕ್ಕದ ಹೊಲದವರು ಓಡಿ ಬಂದು ಅಂಗಿ ಕಳೆದು, ಕೊಡಗಟ್ಟಲೆ ನೀರು ಸುರಿದು ಮೈ ತೊಳೆಯದೇ ಹೋಗಿದ್ದರೆ ಈ ಲೇಖನ ಬರೀತಿರಲಿಲ್ಲ. ದವಾಖಾನೆಯಲ್ಲಿ ಡಾಕ್ಟರ್ ಮೊದಲು ಕೇಳಿದ ಪ್ರಶ್ನೆ: "ಯಾವ ಔಷಧ?" ಎರಡನೇ ಪ್ರಶ್ನೆ: "ನಿನ್ನೆಯಿಂದ ಏನ್ ಉಂಡೀ?" ಎರಡನೇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡು ತಿಂಗಳಲ್ಲಿ ಹೋದ ಐದು ಕೆ.ಜಿ. ವಾಪಸ್ ಬಂತು, ಜೊತೆಗೆ ಇನ್ನೆರಡು ಕರೆದುಕೊಂಡು ಬಂತು. ತಕ್ಕಡಿ 95 ತೋರಿಸಿತು.

ಇದರ ಕಾರಣ ಆಮೇಲೆ ತಿಳಿಯಿತು. ಹೊಟ್ಟೆ ಕಟ್ಟಿದಾಗ ಮೊದಲ ವಾರ ಇಳಿಯುವುದು ಹೆಚ್ಚಾಗಿ ದೇಹದಲ್ಲಿನ ನೀರು. ಮುಂದೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಸ್ನಾಯು ಅಂದ್ರೆ ನಾವು ಚೀಲ ಎತ್ತುವ ಶಕ್ತಿ. ಮತ್ತೆ ಉಣ್ಣಲು ಶುರು ಮಾಡಿದಾಗ ನೀರು ಮತ್ತು ಕೊಬ್ಬು ಬೇಗ ಬರುತ್ತವೆ, ಸ್ನಾಯು ಬರೋದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ ವಾರಕ್ಕೆ ಅರ್ಧ ಕೆ.ಜಿ. ಇಳಿಯುವುದು ಸುರಕ್ಷಿತ ಎಂದು ಹೇಳಿದೆ. ಹತ್ತು ದಿನಕ್ಕೆ ಹತ್ತು ಕೆ.ಜಿ. ಅನ್ನುವವನು ನಿಮ್ಮ ತೂಕ ಇಳಿಸೋದಿಲ್ಲ, ಕಿಸೆ ಇಳಿಸ್ತಾನ.

ನಾವು ರೈತರು, ನಮಗ್ಯಾಕ ಬೊಜ್ಜು?

ನಾನೂ ಹೀಗೇ ಅನ್ನುತ್ತಿದ್ದೆ. ಒಂದು ದಿನ ಕೂತು ನನ್ನ ದಿನಚರಿ ಬರೆದೆ. ನೀವೂ ಬರೀರಿ, ಸುಳ್ಳು ಬರೀಬ್ಯಾಡ್ರಿ.

ಮುಂಜಾನೆ ಎದ್ದ ಕೂಡಲೇ ಚಹಾ, ನಾಲ್ಕು ಟೋಸ್ಟ್. ಒಂಬತ್ತಕ್ಕೆ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಪ್ಲೇಟ್ ಚುರುಮುರಿ, ನಾಲ್ಕು ಮಿರ್ಚಿ ಭಜಿ, ಮತ್ತೆ ಚಹಾ. ಮಧ್ಯಾಹ್ನ ಒಂದು ರೊಟ್ಟಿ ನೆಪಕ್ಕೆ, ಎರಡು ತಾಟು ಅನ್ನ. ನಾಲ್ಕಕ್ಕೆ ಯಾರೋ ಸಿಕ್ಕರು ಅಂತ ಚಹಾ. ಸಂಜೆ ಮಗಳಿಗೆ ತಂದ ಚಿಪ್ಸ್ ಪಾಕೀಟಿನಲ್ಲಿ ಅರ್ಧ ನನ್ನದು. ರಾತ್ರಿ ಮತ್ತೆ ಅನ್ನ, ಸಾರು, ಹಪ್ಪಳ. ವಾರಕ್ಕೆ ಎರಡು ದಿನ ಧಾಬಾ.

ಚಹಾ ಮಾತ್ರ ಲೆಕ್ಕ ಹಾಕ್ರಿ. ದಿನಕ್ಕೆ ಆರು ಕಪ್, ಕಪ್ಪಿಗೆ ಎರಡು ಚಮಚ ಸಕ್ಕರೆ ಅಂದ್ರೆ 60 ಗ್ರಾಂ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವನಿಗೆ ಸಕ್ಕರೆ 50 ಗ್ರಾಂ ದಾಟಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನಾನು ಚಹಾದಲ್ಲೇ ಆ ಗಡಿ ದಾಟಿದ್ದೆ. ಕಬ್ಬು ಬೆಳೆದು ಕಾರ್ಖಾನೆಗೆ ಕಳಿಸಿ, ಅದೇ ಸಕ್ಕರೆಯನ್ನು ದುಡ್ಡು ಕೊಟ್ಟು ತಂದು ಹೊಟ್ಟೆಗೆ ತುಂಬಿಕೊಳ್ಳುತ್ತಿದ್ದೆ.

ಇನ್ನು ದುಡಿಮೆ. ಅಜ್ಜ ಎತ್ತಿನ ಹಿಂದೆ ದಿನವಿಡೀ ನಡೆಯುತ್ತಿದ್ದ. ನನಗೆ ಟ್ರ್ಯಾಕ್ಟರ್ ಇದೆ. ಹೊಲಕ್ಕೆ ಬೈಕ್. ಹೊಳೆ ದಂಡೆಯ ಮೋಟರ್ ಶುರು ಮಾಡಲು ಮೊಬೈಲ್ ಸ್ಟಾರ್ಟರ್, ಮನೆಯ ಕಟ್ಟೆಯ ಮೇಲೆ ಕೂತು ಒಂದು ಮಿಸ್ ಕಾಲ್ ಕೊಟ್ಟರೆ ನೀರು ಹರಿಯುತ್ತದೆ. ಕಳೆ ತೆಗೆಯಲು ಕಳೆನಾಶಕ. ದುಡಿಮೆ ಕಡಿಮೆ ಆದದ್ದು ತಪ್ಪಲ್ಲ, ಅಜ್ಜನ ಕಷ್ಟ ಯಾರಿಗೂ ಬೇಡ. ಆದರೆ ಹಸಿವು ಮಾತ್ರ ಅಜ್ಜನದೇ ಉಳಿಸಿಕೊಂಡು, ಉಣ್ಣುವ ಪದಾರ್ಥ ಪೂರಾ ಬದಲಿಸಿಬಿಟ್ಟಿದ್ದೇವೆ.

ಇದು ನನ್ನೊಬ್ಬನ ಕತೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ಹಳ್ಳಿ, ಪಟ್ಟಣ ಎರಡರಲ್ಲೂ ಒಂದು ಲಕ್ಷಕ್ಕಿಂತ ಹೆಚ್ಚು ಜನರನ್ನು ತಪಾಸಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದ ವಯಸ್ಕರಲ್ಲಿ ಶೇ 11.4ರಷ್ಟು ಜನರಿಗೆ ಸಕ್ಕರೆ ಕಾಯಿಲೆ, ಶೇ 39.5ರಷ್ಟು ಜನರಿಗೆ ಹೊಟ್ಟೆಯ ಬೊಜ್ಜು. ಅಂದ್ರೆ ಹತ್ತು ಮಂದಿ ಕಟ್ಟೆಯ ಮೇಲೆ ಕೂತರೆ ನಾಲ್ಕು ಮಂದಿ. ನಮ್ಮ ಕಟ್ಟೆಯ ಮೇಲೆ ಎಣಿಸಿದರೆ ಇನ್ನೂ ಒಬ್ಬರು ಹೆಚ್ಚೇ ಸಿಗ್ತಾರ.

ಎಷ್ಟು ಅನ್ನೋದಕ್ಕಿಂತ ಏನು ಅನ್ನೋದು ಮೊದಲು

ನನ್ನ ಅಭಿಪ್ರಾಯ ಇಷ್ಟೇ. ಕಡಿಮೆ ತಿನ್ನು ಅನ್ನುವ ಸಲಹೆ ಬಹಳ ದಿನ ನಡೆಯೋದಿಲ್ಲ. ಹಸಿವಿನ ಜೊತೆ ಜಗಳಕ್ಕೆ ಬಿದ್ದವರು ಕೊನೆಗೆ ಸೋಲುವುದೇ ಹೆಚ್ಚು. ಒಳ್ಳೆಯ ಆಹಾರ ತಾಟಿಗೆ ಬಂದರೆ ಎಷ್ಟು ಸಾಕು ಅನ್ನೋದನ್ನ ಹೊಟ್ಟೆಯೇ ಹೇಳುತ್ತದೆ.

ಇದು ಬರೀ ಮಾತಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಎಂಬ ವಿಜ್ಞಾನಿಯ ತಂಡ ಒಂದು ಪ್ರಯೋಗ ಮಾಡಿ 2019ರಲ್ಲಿ ಪ್ರಕಟಿಸಿತು. 20 ಜನರನ್ನು ನಾಲ್ಕು ವಾರ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ಅಡುಗೆ ಮನೆಯಲ್ಲಿ ಮಾಡಿದ ಸಾದಾ ಆಹಾರ. ಮುಂದೆ ಇಟ್ಟ ಎರಡೂ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸರಿಸಮ. ಎಷ್ಟು ಬೇಕೋ ಅಷ್ಟು ತಿನ್ನಿ ಅಂದರು. ಸಂಸ್ಕರಿಸಿದ ಆಹಾರದ ಎರಡು ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದು ಸುಮಾರು 900 ಗ್ರಾಂ ದಪ್ಪಗಾದರು. ಸಾದಾ ಊಟದ ಎರಡು ವಾರಗಳಲ್ಲಿ ಸುಮಾರು 900 ಗ್ರಾಂ ಇಳಿದರು. ಯಾರೂ ಹೊಟ್ಟೆ ಕಟ್ಟಲಿಲ್ಲ. 500 ಕ್ಯಾಲೊರಿ ಅಂದ್ರೆ ನಮ್ಮ ಲೆಕ್ಕದಲ್ಲಿ ಮೂರು ಜೋಳದ ರೊಟ್ಟಿ. ಗೊತ್ತೇ ಆಗದ ಹಾಗೆ ದಿನಾ ಮೂರು ರೊಟ್ಟಿಯಷ್ಟು ಹೆಚ್ಚು ಹೊಟ್ಟೆಗೆ ಇಳಿಯಿತು ಅಂದಂಗಾತು.

ಯಾಕೆ ಹೀಗೆ? ಮೆತ್ತಗಿನ ಆಹಾರವನ್ನು ಬೇಗ ಬೇಗ ನುಂಗುತ್ತೇವೆ. ಹೊಟ್ಟೆ ತುಂಬಿತು ಅನ್ನುವ ಸುದ್ದಿ ಮಿದುಳಿಗೆ ಮುಟ್ಟುವುದರೊಳಗೆ ಪಾಕೀಟು ಖಾಲಿ. ನಾರು, ಪ್ರೋಟೀನ್ ಇರುವ ಆಹಾರ ಅಗಿಯಲು ಹೊತ್ತು ಬೇಕು, ಕರಗಲು ಹೊತ್ತು ಬೇಕು. ಒಂದು ಖಡಕ್ ರೊಟ್ಟಿ ಅಗಿದು ಮುಗಿಸುವ ಹೊತ್ತಿನಲ್ಲಿ ನಾಲ್ಕು ಬಿಸ್ಕತ್ತು ಚಹಾದಲ್ಲಿ ಅದ್ದಿ ನುಂಗಿ ಮುಗಿದಿರುತ್ತದೆ.

ಜೋಳ ಮತ್ತು ಅಕ್ಕಿ: ಸುಳ್ಳಿಲ್ಲದ ಲೆಕ್ಕ

ಜೋಳದಲ್ಲಿ ಕ್ಯಾಲೊರಿ ಕಡಿಮೆ ಅಂತ ವಾಟ್ಸಾಪಿನಲ್ಲಿ ಓಡಾಡುತ್ತದೆ. ಅದು ಪೂರಾ ಖರೇ ಅಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕ ನೋಡಿದರೆ 100 ಗ್ರಾಂ ಜೋಳದಲ್ಲಿ ಸುಮಾರು 335 ಕ್ಯಾಲೊರಿ, 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಸುಮಾರು 355. ದೊಡ್ಡ ಫರಕೇನೂ ಇಲ್ಲ. ಫರಕು ಇರುವುದು ನಾರಿನಲ್ಲಿ. ಜೋಳದಲ್ಲಿ ಸುಮಾರು 10 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಸಹ ಇಲ್ಲ. ಪ್ರೋಟೀನ್ ಜೋಳದಲ್ಲಿ ಸುಮಾರು 10 ಗ್ರಾಂ, ಅಕ್ಕಿಯಲ್ಲಿ 8.

ಅಂದರೆ ಹತ್ತು ರೊಟ್ಟಿ ತಿಂದು ತೂಕ ಇಳಿಯಲಿ ಅಂದರೆ ಇಳಿಯೋದಿಲ್ಲ. ಆದರೆ ಎರಡೂವರೆ ರೊಟ್ಟಿಗೆ ಪಲ್ಯ, ಕಾಳು ಸೇರಿದರೆ ಹೊಟ್ಟೆ ತುಂಬುತ್ತದೆ, ನಾಲ್ಕು ತಾಸು ಹಸಿವು ಕಾಡೋದಿಲ್ಲ. ಎರಡು ತಾಟು ಅನ್ನ ಉಂಡರೆ ಎರಡು ತಾಸಿಗೆ ಮತ್ತೆ ಬಾಯಿ ಆಡುತ್ತದೆ. ಆ ಬಾಯಾಡುವ ಹೊತ್ತಿನಲ್ಲೇ ಭಜಿ, ಖಾರಾ, ಬಿಸ್ಕತ್ತು ಒಳಗೆ ಬರೋದು.

ಅಕ್ಕಿ ವಿಷ ಅನ್ನುವವರ ಮಾತನ್ನೂ ನಾನು ಒಪ್ಪೋದಿಲ್ಲ. 2013ರಲ್ಲಿ ಅನ್ನಭಾಗ್ಯ ಶುರುವಾದ ಮೇಲೆ ಹೊಲ ಇಲ್ಲದ ಎಷ್ಟೋ ಮನೆಗಳಲ್ಲಿ ಒಲೆ ತಪ್ಪದೆ ಉರಿಯಿತು. ಅದನ್ನು ಹೊಟ್ಟೆ ತುಂಬಿದವರು ಆಡಿಕೊಳ್ಳಬಾರದು. ನಾನು ಕೇಳೋದು ಹೊಲ ಇದ್ದೂ ಜೋಳ ಬಿಟ್ಟ ನಮ್ಮಂಥವರನ್ನು.

ಜೋಳ ಎಲ್ಲಿ ಹೋಯಿತು?

ವಿಜಯಪುರ ಜಿಲ್ಲೆ ಅಂದರೆ ಬಿಳಿಜೋಳ. ಡೋಣಿ ಹರಿದರೆ ಓಣಿ ತುಂಬ ಜೋಳ ಅಂತ ಹಿರಿಯರು ಅನ್ನುತ್ತಿದ್ದರು. ಹಗೇವು ತೆಗೆದು ನೆಲದೊಳಗೆ ಜೋಳ ತುಂಬಿಟ್ಟು ಬರಗಾಲಕ್ಕೆ ತೆಗೆಯುತ್ತಿದ್ದ ನಾಡು ಇದು. ಅಕ್ಕಿ ಹಬ್ಬಕ್ಕೆ, ಬೀಗರಿಗೆ ಮಾತ್ರ. ಈಗ ಬೀಗರು ಬಂದರೆ ರೊಟ್ಟಿ ಮಾಡುತ್ತೇವೆ, ದಿನಾ ಅನ್ನ ಉಣ್ಣುತ್ತೇವೆ.

ದೇಶದಲ್ಲಿ 1960ರ ದಶಕದಲ್ಲಿ ಸುಮಾರು 1.8 ಕೋಟಿ ಹೆಕ್ಟೇರ್ ಇದ್ದ ಜೋಳ ಈಗ 40 ಲಕ್ಷ ಹೆಕ್ಟೇರ್ ಆಸುಪಾಸಿಗೆ ಇಳಿದಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಘೋಷಿಸಿತು, ಪೇಟೆಯವರು ಜೋಳದ ಪಾಕೀಟು ಕೊಂಡರು. ನಮ್ಮೂರಲ್ಲಿ ಕಬ್ಬಿನ ಲಾರಿ ಮಾತ್ರ ಹೆಚ್ಚಾದವು.

ಜೋಳ ಬಿಟ್ಟದ್ದಕ್ಕೆ ನಮಗೆ ಕಾರಣ ಇಲ್ಲ ಅಂತಲ್ಲ. ಹಕ್ಕಿ ಕಾಯಬೇಕು, ಕೊಯ್ಯಲು ಆಳು ಸಿಗೋದಿಲ್ಲ, ಸಿಕ್ಕರೆ ಕೂಲಿ ಭಾರ. ದುಡ್ಡಿನ ಲೆಕ್ಕದಲ್ಲೂ ಸೋಲುತ್ತದೆ. 2025-26ಕ್ಕೆ ಮಾಲದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಾಲಿಗೆ 3749 ರೂಪಾಯಿ, ತೊಗರಿಗೆ 8000. ಮಳೆಯಾಶ್ರಿತ ಎರಿ ಹೊಲದಲ್ಲಿ ಎಕರೆಗೆ ಐದು ಕ್ವಿಂಟಾಲ್ ಅಂತ ಹಿಡಿದರೆ ಜೋಳಕ್ಕೆ 18,745, ತೊಗರಿಗೆ 40,000. ಕಣಿಕೆಯ ಬೆಲೆ ಸೇರಿಸಿದರೂ ಜೋಳ ಹಿಂದೆಯೇ.

ಹಾಗಾದರೆ ಯಾಕೆ ಬಿತ್ತಬೇಕು? ಈ ಪ್ರಶ್ನೆ ಕೇಳಿದ್ದು ನನ್ನ ಅಪ್ಪನೇ. ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ. ಎರಡು ವರ್ಷದ ಹಿಂದೆ ಕಬ್ಬಿನ ಕೊಳಿ ಚುಚ್ಚಿದ ಗಾಯ ಮಾಯದೆ ಬಲಗಾಲಿನ ಕಿರುಬೆರಳು ತೆಗೆಸಬೇಕಾಯಿತು. ದವಾಖಾನೆಯ ಬಿಲ್ಲು ಒಂದು ಎಕರೆ ತೊಗರಿಯ ಎರಡು ವರ್ಷದ ಉತ್ಪನ್ನ ನುಂಗಿತು. ನಾನು ಆ ಬಿಲ್ಲನ್ನೇ ತೋರಿಸಿ ಹೇಳಿದೆ: "ಅಪ್ಪಾ, ಇದನ್ನ ಯಾವ ಬೆಳೆ ಖಾತೆಗೆ ಬರಿಯೋಣು?" ಅಪ್ಪ ಮಾತಾಡಲಿಲ್ಲ. ಆ ಹಿಂಗಾರಿಗೆ ನೀರು ಮುಟ್ಟದ ಒಂದು ಎಕರೆಗೆ ತಾನೇ ಕೂರಿಗಿ ಕಟ್ಟಿಸಿದ.

ಒಂದು ಎಕರೆ ಯಾಕೆ ಅಂದ್ರೆ, ನಮ್ಮ ಮನೆಯಲ್ಲಿ ಐದು ಜನ. ತಲೆಗೆ ದಿನಕ್ಕೆ 250 ಗ್ರಾಂ ಹಿಟ್ಟು ಹಿಡಿದರೆ ವರ್ಷಕ್ಕೆ ಸುಮಾರು 456 ಕೆ.ಜಿ. ಒಂದು ಎಕರೆಯ ಜೋಳ ಒಂದು ಮನೆಗೆ ಒಂದು ವರ್ಷ ಬರೋಬ್ಬರಿ. ಉಳಿದ ಹೊಲದಲ್ಲಿ ಕಬ್ಬು, ತೊಗರಿ ಏನಾದರೂ ಬೆಳೀರಿ, ನಾನೂ ಬೆಳೆಯುತ್ತೇನೆ.

ಒಂದು ಮಾತು ಗಂಡಸರಿಗೆ

ಮನೆಗೆ ಜೋಳ ಬಂತು. ಇನ್ನು ಮೇಲೆ ಎರಡು ಹೊತ್ತು ರೊಟ್ಟಿ ಅಂತ ನಾನು ಹುಕುಂ ಮಾಡಿದೆ. ನನ್ನ ಹೆಂಡತಿ ಒಂದೇ ಮಾತು ಅಂದಳು: "ನಿಮ್ಮ ಹೊಟ್ಟಿ ಇಳಸಾಕ ನನ್ನ ರಟ್ಟಿ ಯಾಕ ಮುರಕೋಬೇಕು?"

ಖರೇ ಅಲ್ಲೇನ್ರಿ? ಕುಕ್ಕರಿನಲ್ಲಿ ಅನ್ನ ಮೂರು ಸೀಟಿಗೆ ಆಗುತ್ತದೆ. ಹದಿನೈದು ರೊಟ್ಟಿ ಬಡಿಯಲು ಒಲೆ ಮುಂದೆ ಒಂದೂವರೆ ತಾಸು. ಜೋಳ ತಾಟಿನಿಂದ ಹೋಗಲು ಇದೂ ಒಂದು ಕಾರಣ. ಊರಲ್ಲಿ ಯಾವ ಸಭೆಯಲ್ಲೂ ಇದನ್ನು ಯಾರೂ ಮಾತಾಡೋದಿಲ್ಲ, ಯಾಕಂದ್ರೆ ಸಭೆಯಲ್ಲಿ ಕೂತವರು ರೊಟ್ಟಿ ಬಡಿಯೋದಿಲ್ಲ.

ನಾವು ಮಾಡಿಕೊಂಡ ಹೊಂದಾಣಿಕೆ ಹೀಗಿದೆ. ವಾರಕ್ಕೆ ಎರಡು ಸಲ ಖಡಕ್ ರೊಟ್ಟಿ ಮಾಡಿ ಇಡುವುದು. ಆ ಎರಡು ದಿನ ಹಿಟ್ಟು ಸೋಸುವುದು, ಒಲೆ ನೋಡಿಕೊಳ್ಳುವುದು, ಹಂಚಿನ ಮೇಲೆ ರೊಟ್ಟಿ ತಿರುವುವುದು ನನ್ನ ಕೆಲಸ. ಬಡಿಯಲು ನನಗೆ ಇನ್ನೂ ಬರೋದಿಲ್ಲ, ನಾನು ಬಡಿದದ್ದು ಅಮೆರಿಕ ನಕಾಶೆ ಆಗ್ತದ ಅಂತ ಮಗಳು ನಗುತ್ತಾಳೆ. ಮುಂಜಾನೆ ಜೋಳದ ನುಚ್ಚು ಅಥವಾ ಅಂಬಲಿ, ಅದಕ್ಕೆ ಬಡಿಯುವ ಕೆಲಸವೇ ಇಲ್ಲ. ಮಧ್ಯಾಹ್ನ ಅರ್ಧ ತಾಟು ಅನ್ನ ಈಗಲೂ ಇದೆ. ಸುಗ್ಗಿಯ ಗಡಿಬಿಡಿಯಲ್ಲಿ ಪೇಟೆಯಲ್ಲಿ ಮಹಿಳಾ ಸಂಘದವರು ಮಾರುವ ಖಡಕ್ ರೊಟ್ಟಿ ತರುತ್ತೇವೆ. ಅದೂ ಒಬ್ಬ ಹೆಣ್ಣುಮಗಳ ದುಡಿಮೆ, ಆದರೆ ಅದಕ್ಕೆ ದುಡ್ಡು ಸಿಗುತ್ತದೆ.

ನನ್ನ ತಾಟು ಈಗ ಹೇಗಿದೆ?

* ಅರ್ಧ ತಾಟು ಪಲ್ಯ ಮತ್ತು ಹಸಿ ತರಕಾರಿ. ಪುಂಡಿ, ಮೆಂತೆ, ರಾಜಗಿರಿ, ಹೊಲದ ಬದುವಿನ ಹಕ್ಕರಕಿ, ಗಜ್ಜರಿ, ಉಳ್ಳಾಗಡ್ಡಿ. ಕಳೆನಾಶಕ ಹೊಡೆದ ಬದುವಿನ ಸೊಪ್ಪು ಮುಟ್ಟಬೇಡಿ. ಮನೆ ಹಿತ್ತಲಲ್ಲಿ ಎರಡು ಮಡಿ ಸಾಕು.
* ಕಾಲು ತಾಟು ಕಾಳು. ಹೆಸರು, ಮಡಕಿ, ಕಡಲೆ, ತೊಗರಿ ಬೇಳೆ. ಹೆಸರು, ಮಡಕಿಯಲ್ಲಿ 100 ಗ್ರಾಂಗೆ ಸುಮಾರು 20 ಗ್ರಾಂ ಪ್ರೋಟೀನ್ ಇದೆ. ಡಬ್ಬಿ ಪುಡಿಗೆ ಕೊಟ್ಟ ದುಡ್ಡಿನಲ್ಲಿ ಮೂರು ನಾಲ್ಕು ತಿಂಗಳ ಕಾಳು ಬರುತ್ತಿತ್ತು. ತಿನ್ನುವವರಿಗೆ ತತ್ತಿಯೂ ಒಳ್ಳೆಯದು. ಮನೆಯ ಮಜ್ಜಿಗೆ ದಿನಾ ಇರಲಿ.
* ಕಾಲು ತಾಟು ರೊಟ್ಟಿ ಅಥವಾ ಅನ್ನ.
* ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಚಮಚದ ಲೆಕ್ಕದಲ್ಲಿ. ಒಳ್ಳೆಯ ಆಹಾರವೇ, ಆದರೆ 100 ಗ್ರಾಂ ಶೇಂಗಾದಲ್ಲಿ 500 ಕ್ಯಾಲೊರಿಗಿಂತ ಹೆಚ್ಚು. ಹಿಂಡಿ ಮೇಲೆ ಮತ್ತೆ ಎಣ್ಣೆ ಸುರಿಯುವ ಚಟ ನನಗಿತ್ತು, ಬಿಟ್ಟೆ.
* ಎಣ್ಣೆಗೆ ತಿಂಗಳ ಲೆಕ್ಕ. 15 ಮಿ.ಲೀ. ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಐದು ಜನಕ್ಕೆ ತಿಂಗಳಿಗೆ 6 ಲೀಟರ್ ಖರ್ಚಾಗುತ್ತಿತ್ತು, ಈಗ ಮೂರೂವರೆ.
* ಚಹಾ ದಿನಕ್ಕೆ ಎರಡು ಕಪ್, ಕಪ್ಪಿಗೆ ಅರ್ಧ ಚಮಚ ಸಕ್ಕರೆ. ಸಕ್ಕರೆ ಬದಲು ಬೆಲ್ಲ ಹಾಕಿದರೆ ತೂಕ ಇಳೀತದ ಅನ್ನೋದು ಸುಳ್ಳು. ಬೆಲ್ಲವೂ ಬಹುಪಾಲು ಸಕ್ಕರೆಯೇ.
* ಭಜಿ ಬಿಟ್ಟಿಲ್ಲ. ವಾರಕ್ಕೊಮ್ಮೆ, ಸಂತೆಯ ದಿನ, ಎರಡು. ಪೂರಾ ಬಿಡ್ತೀನಿ ಅಂದವರು ಎಂಟನೇ ದಿನಕ್ಕೆ ಹತ್ತು ತಿಂತಾರ.

ಕೈಯಲ್ಲಿ ಮೊಬೈಲ್ ಇದೆಯಲ್ಲ, ಅದನ್ನೂ ದುಡಿಸ್ರಿ. ಪಾಕೀಟಿನ ಹಿಂದೆ ಪದಾರ್ಥಗಳ ಪಟ್ಟಿ ಇಂಗ್ಲಿಷಿನಲ್ಲಿ ಇದ್ದರೆ ಫೋಟೋ ಹೊಡೆದು ಕನ್ನಡಕ್ಕೆ ತಿರುಗಿಸಿ ನೋಡಿ. ಯಾವ ಪದಾರ್ಥ ಹೆಚ್ಚು ಇದೆಯೋ ಅದನ್ನು ಮೊದಲು ಬರೆಯಬೇಕು ಅನ್ನೋದು ನಿಯಮ. ಸಿರಿಧಾನ್ಯ ಬಿಸ್ಕತ್ತು ಅಂತ ದೊಡ್ಡ ಅಕ್ಷರದಲ್ಲಿ ಬರೆದು, ಪಟ್ಟಿಯಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆ ಮೊದಲು ಇದ್ದರೆ ಅದು ಮೈದಾ ಬಿಸ್ಕತ್ತೇ. ನಮ್ಮ ಜೋಳದ ಹೆಸರಲ್ಲಿ ನಮಗೇ ಟೋಪಿ.

ಎಷ್ಟು ಇಳಿದೆ?

ಹದಿಮೂರು ತಿಂಗಳಲ್ಲಿ 95ರಿಂದ 83. ಅಂದರೆ 12 ಕೆ.ಜಿ. ವಾರಕ್ಕೆ ಕಾಲು ಕೆ.ಜಿ. ಸಹ ಬೀಳಲಿಲ್ಲ. ಮದುವೆ ಸೀಜನ್ನಿನ ಎರಡು ತಿಂಗಳು ತಕ್ಕಡಿ ಅಲುಗಾಡಲೇ ಇಲ್ಲ. ಸ್ಟೇಟಸ್ ಹಾಕುವಂಥ ಸುದ್ದಿಯಲ್ಲ. ಆದರೆ ಈ ಸಲ ತೊಗರಿಗೆ ಔಷಧ ಹೊಡೆದಾಗ ಮುಂಜಾನೆ ನುಚ್ಚು ಮಜ್ಜಿಗೆ ಉಂಡು ಹೋಗಿದ್ದೆ, ಕಾಲು ನಡುಗಲಿಲ್ಲ. ಆಹಾರದ ಜೊತೆ ಒಂದು ರೂಢಿ ಬದಲಿಸಿದೆ: ಎರಡು ಕಿಲೋಮೀಟರ್ ಒಳಗಿನ ಹೊಲಕ್ಕೆ ಬೈಕ್ ಇಲ್ಲ.

ಇನ್ನೂ ದಾರಿ ಉಳಿದಿದೆ. ನನ್ನ ಎತ್ತರ 170 ಸೆಂ.ಮೀ. ನಮ್ಮ ಭಾರತೀಯರಿಗೆ ಬಿಎಂಐ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. 25ಕ್ಕೆ ಬರಬೇಕಾದರೆ ನಾನು 72ಕ್ಕೆ ಇಳಿಯಬೇಕು. ತಕ್ಕಡಿ ಇಲ್ಲದಿದ್ದರೆ ಟೇಲರ್ ಟೇಪು ಸಾಕು. ಗಂಡಸರ ಸೊಂಟ 90 ಸೆಂ.ಮೀ., ಹೆಂಗಸರದು 80 ಸೆಂ.ಮೀ. ದಾಟಬಾರದು. ಹೊಟ್ಟೆ ಒಳಗೆ ಎಳೆದುಕೊಂಡು ಅಳೀಬ್ಯಾಡ್ರಿ ಮತ್ತ.

ಎಚ್ಚರಿಕೆ

ಸಕ್ಕರೆ ಕಾಯಿಲೆಗೆ ಗುಳಿಗೆ, ಇನ್ಸುಲಿನ್ ತಗೊಳ್ಳುವವರು ಈ ಲೇಖನ ಓದಿ ಊಟ ಬದಲಿಸಬೇಡಿ, ಉಪವಾಸ ಮಾಡಬೇಡಿ. ಸಕ್ಕರೆ ಅಂಶ ಒಮ್ಮೆಲೇ ಇಳಿದರೆ ಜೀವಕ್ಕೇ ಅಪಾಯ. ಡಾಕ್ಟರನ್ನು ಕೇಳಿ, ಗುಳಿಗೆ ಪ್ರಮಾಣ ಅವರೇ ನೋಡುತ್ತಾರೆ. ನನ್ನ ಅಪ್ಪ ರೊಟ್ಟಿ ಉಣ್ಣುತ್ತಾನೆ, ಗುಳಿಗೆಯನ್ನೂ ತಪ್ಪದೆ ತಗೊಳ್ಳುತ್ತಾನೆ. ಜೋಳ ಔಷಧ ಅಲ್ಲ. ಗರ್ಭಿಣಿಯರು, ಬಾಣಂತಿಯರು, ಬೆಳೆಯುವ ಮಕ್ಕಳು ತೂಕ ಇಳಿಸುವ ಯಾವ ಪ್ರಯೋಗಕ್ಕೂ ಹೋಗಬಾರದು. ಮೂವತ್ತು ದಾಟಿದವರು ಹತ್ತಿರದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ತಪಾಸಣೆ ಮಾಡಿಸಿರಿ, ಪುಕ್ಕಟೆ ಇದೆ. ಕೊನೆಯದಾಗಿ, ಖಾಲಿ ಹೊಟ್ಟೆಯಲ್ಲಿ ಔಷಧ ಹೊಡೆಯಲು ಯಾವತ್ತೂ ಹೋಗಬೇಡಿ.

ಬಿತ್ತುವವರಿಗೆ

ಹಿಂಗಾರಿ ಜೋಳಕ್ಕೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಒಳ್ಳೆಯ ಸಮಯ. ತಡವಾದರೆ ಸುಳಿನೊಣದ ಕಾಟ ಹೆಚ್ಚು. ಎಕರೆಗೆ ಮೂರು ಕೆ.ಜಿ. ಬೀಜ ಸಾಕು. ಕಾಡಿಗೆ ರೋಗಕ್ಕೆ ಕೆ.ಜಿ. ಬೀಜಕ್ಕೆ 4 ಗ್ರಾಂ ಗಂಧಕದಿಂದ ಬೀಜೋಪಚಾರ ಮಾಡಿ. ಆಳವಾದ ಎರಿ ಭೂಮಿಗೆ ಎಂ 35-1, ಅಂದರೆ ನಮ್ಮ ಮಾಲದಂಡಿ, ಅಥವಾ ವಿಜಯಪುರದ ಸಂಶೋಧನಾ ಕೇಂದ್ರದಿಂದಲೇ ಬಂದ ಬಿಜೆವಿ-44 ತಳಿ ನೋಡಬಹುದು. ಬೀಜ, ಸಲಹೆಗೆ ಇಂಡಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರ ಇದೆ. ನಡುವೆ ಎರಡು ಸಾಲು ಕುಸುಬಿ, ಕಡಲೆ ಬಿಟ್ಟರೆ ಮನೆಯ ಎಣ್ಣೆಗೆ, ಕಾಳಿಗೆ ಆದೀತು. ಹಕ್ಕಿ ಒಂದಿಷ್ಟು ತಿಂತಾವ, ತಿನ್ನಲಿ. ನನಗೆ ಹೋದ ವರ್ಷ ಸಿಕ್ಕಿದ್ದು ನಾಲ್ಕೂಮುಕ್ಕಾಲು ಕ್ವಿಂಟಾಲ್. ಕಣಿಕೆ ಎಮ್ಮೆಗಾಯಿತು.

ಎಳ್ಳ ಅಮಾವಾಸ್ಯೆಗೆ ಅದೇ ಹೊಲದಲ್ಲಿ ಚರಗ ಚೆಲ್ಲಿದೆವು. ಆಮೇಲೆ ತೆನೆ ಹಾಲುಗಟ್ಟಿದಾಗ ಕುಳ್ಳಿನ ಬೆಂಕಿಯಲ್ಲಿ ಸುಟ್ಟು ಸೀತನಿ ತಿಂದೆವು. ನನ್ನ ಮಗಳಿಗೆ ಏಳು ವರ್ಷ, ಅವಳು ಸೀತನಿ ತಿಂದದ್ದು ಅದೇ ಮೊದಲು. ಬಿಳಿಜೋಳದ ಸೀಮೆಯಲ್ಲಿ ಹುಟ್ಟಿದ ಮಗು ಏಳು ವರ್ಷ ಸೀತನಿ ತಿನ್ನದೆ, ಚಿಪ್ಸ್ ತಿಂದು ಬೆಳೆದದ್ದಕ್ಕೆ ಹೊಣೆ ನಾನೇ. ಅಪ್ಪ ಚಪ್ಪಲಿ ಹಾಕಿದ ಕಾಲನ್ನು ಜೋಪಾನವಾಗಿ ಚಾಚಿ ಬದುವಿನ ಮೇಲೆ ಕೂತು ಅವಳಿಗೆ ತೆನೆ ಉಜ್ಜಿಕೊಡುತ್ತಿದ್ದ.

ಈ ವಾರ ಒಂದೇ ಕೆಲಸ ಮಾಡ್ರಿ. ನೀವು ಒಂದು ದಿನದಲ್ಲಿ ಏನೇನು ತಿಂತೀರಿ ಅಂತ ಮೊಬೈಲ್‌ನಲ್ಲಿ ಬರೆದಿಡ್ರಿ. ಅದರಲ್ಲಿ ನಿಮ್ಮ ಹೊಲದಿಂದ ಬಂದದ್ದು ಎಷ್ಟು, ಪಾಕೀಟಿನಿಂದ ಬಂದದ್ದು ಎಷ್ಟು ಎಣಿಸ್ರಿ. ಮುಂದಿನ ಹಿಂಗಾರಿಗೆ ಯಾವ ಎಕರೆ ಅನ್ನೋದು ಆಮೇಲೆ ನಿಮಗೇ ತಿಳೀತದ.